‘ಬೇಡ’ ಅನ್ನಬೇಕಾದವರಿಗೆ ಸಂಬಳ ಕೊಟ್ಟವರು ಯಾರು? ಶರ್ಲಿ ಟೆಂಪಲ್ ಪ್ರಕರಣ

1933ರಲ್ಲಿ ಅಮೆರಿಕದ ಒಂದು ಸಣ್ಣ ಚಿತ್ರಸಂಸ್ಥೆ ದಿವಾಳಿಯಾಯಿತು. ಅಲ್ಲಿ ಕಿರುಚಿತ್ರಗಳಲ್ಲಿ ನಟಿಸುತ್ತಿದ್ದ ಐದು ವರ್ಷದ ಹುಡುಗಿಯ ಕಾಂಟ್ರಾಕ್ಟನ್ನು ಅವಳ ಅಪ್ಪ 25 ಡಾಲರ್ ಕೊಟ್ಟು ಬಿಡಿಸಿಕೊಂಡರು. ಎರಡು ವರ್ಷ ಕಳೆಯುವಷ್ಟರಲ್ಲಿ ಅದೇ ಹುಡುಗಿ ಇಡೀ ದೇಶದ ಚಿತ್ರಮಂದಿರಗಳಿಗೆ ಅತಿ ಹೆಚ್ಚು ಜನರನ್ನು ಎಳೆಯುವ ತಾರೆ. 1935ರಿಂದ 1938ರವರೆಗೆ ನಾಲ್ಕು ವರ್ಷ ಆ ಮೊದಲ ಸ್ಥಾನವನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಆ ಕಾಲದ ದೊಡ್ಡ ನಾಯಕನಟ ಕ್ಲಾರ್ಕ್ ಗೇಬಲ್ ಕೂಡ ಅವಳ ಹಿಂದೆಯೇ ನಿಲ್ಲಬೇಕಾಯಿತು.

ಶರ್ಲಿ ಟೆಂಪಲ್ ಕಥೆಯನ್ನು ಸಾಮಾನ್ಯವಾಗಿ ಎರಡೇ ರೀತಿ ಹೇಳುತ್ತಾರೆ. ಒಂದೋ ಅವಳು ಹುಟ್ಟಾ ಪ್ರತಿಭೆ, ಇಲ್ಲವೇ ಅಪ್ಪ ಅಮ್ಮ ಮಗುವನ್ನು ದುಡಿಸಿ ತಿಂದರು. ನನಗೆ ಎರಡೂ ಅರ್ಧಂಬರ್ಧ ಅನ್ನಿಸುತ್ತವೆ. ಪ್ರತಿಭೆ ನಿಜವಾಗಿಯೂ ಇತ್ತು. ಮನೆಯಲ್ಲಿ ಪ್ರೀತಿಯೂ ಇತ್ತು, ಅದನ್ನು ಶರ್ಲಿಯವರೇ ದೊಡ್ಡವರಾದ ಮೇಲೆ ಮತ್ತೆ ಮತ್ತೆ ಹೇಳಿದ್ದಾರೆ. ಆದರೂ ಎಲ್ಲೋ ಲೆಕ್ಕ ತಪ್ಪಿತು. ಎಲ್ಲಿ ತಪ್ಪಿತು ಅಂತ ನೋಡಬೇಕಾದರೆ ಒಂದು ಸಣ್ಣ ಪ್ರಶ್ನೆ ಕೇಳಿಕೊಂಡರೆ ಸಾಕು. ಮಗುವಿನ ಪರವಾಗಿ ‘ಇವತ್ತು ಬೇಡ’ ಅನ್ನುವ ಹಕ್ಕು ಯಾರಿಗಿತ್ತು? ಅವರಿಗೆ ಸಂಬಳ ಎಲ್ಲಿಂದ ಬರುತ್ತಿತ್ತು?

ಡ್ಯಾನ್ಸ್ ಶಾಲೆಯ ಪಿಯಾನೋ ಹಿಂದೆ

ಶರ್ಲಿ ಹುಟ್ಟಿದ್ದು 1928ರ ಏಪ್ರಿಲ್ 23ರಂದು, ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ. ಅಪ್ಪ ಜಾರ್ಜ್ ಬ್ಯಾಂಕ್ ನೌಕರ. ಅಮ್ಮ ಗರ್ಟ್ರೂಡ್ ಗೃಹಿಣಿ. ಮುಂಚೆಯೇ ಇಬ್ಬರು ಗಂಡುಮಕ್ಕಳಿದ್ದರು, ಅಮ್ಮನಿಗೆ ಹೆಣ್ಣುಮಗು ಬೇಕು ಅನ್ನುವ ಆಸೆ ಜೋರಾಗಿತ್ತು. ಮುಂದಿನ ವರ್ಷವೇ ಷೇರುಪೇಟೆ ಕುಸಿದು ದೇಶವೆಲ್ಲ ಆರ್ಥಿಕ ಕುಸಿತಕ್ಕೆ ಸಿಕ್ಕಿತು. ಆದರೆ ಇದು ಹೊಟ್ಟೆಗಿಲ್ಲದ ಮನೆಯಲ್ಲ. ತಿಂಗಳ ಸಂಬಳ ಬರುತ್ತಿದ್ದ ಮಧ್ಯಮವರ್ಗದ ಮನೆ. ಇದನ್ನು ಒತ್ತಿ ಹೇಳಲು ಕಾರಣವಿದೆ. ಬಾಲನಟರ ಕಥೆಗಳಲ್ಲಿ ಬಡತನವನ್ನು ಸುಮ್ನೆ ತಂದು ತುರುಕುತ್ತಾರೆ, ಆಗ ಎಲ್ಲ ತೀರ್ಮಾನಗಳಿಗೂ ಸುಲಭದ ಕಾರಣ ಸಿಕ್ಕಿಬಿಡುತ್ತದೆ. ಇಲ್ಲಿ ಆ ಕಾರಣ ಇಲ್ಲ.

1931ರಲ್ಲಿ, ಮೂರು ತುಂಬಿದ ಮಗುವನ್ನು ಅಮ್ಮ ಲಾಸ್ ಏಂಜಲೀಸ್‌ನ ಮೆಗ್ಲಿನ್ ಡ್ಯಾನ್ಸ್ ಶಾಲೆಗೆ ಸೇರಿಸಿದರು. ಹಾಲಿವುಡ್ ಪಕ್ಕದಲ್ಲೇ ಇರುವಾಗ ಅಂಥ ಶಾಲೆಗೆ ಡ್ಯಾನ್ಸ್ ಕಲಿಯಲು ಬರುವ ಮಕ್ಕಳು ಒಂದು ಕಡೆಯಾದರೆ, ಅವರನ್ನು ನೋಡಲು ಬರುವ ಸಿನಿಮಾದವರು ಇನ್ನೊಂದು ಕಡೆ. ಎಜುಕೇಷನಲ್ ಪಿಕ್ಚರ್ಸ್‌ಗೆ ಕೆಲಸ ಮಾಡುತ್ತಿದ್ದ ಚಾರ್ಲ್ಸ್ ಲೆಮಾಂಟ್ ಹಾಗೆ ಬಂದವರು. ಶರ್ಲಿ ಪಿಯಾನೋ ಹಿಂದೆ ಬಚ್ಚಿಟ್ಟುಕೊಂಡಳು. ಆರಿಸಿದ್ದು ಅವಳನ್ನೇ.

ಐಸ್‌ಗಡ್ಡೆಯ ಮೇಲೆ

ಅವಳ ಮೊದಲ ಕೆಲಸ ‘ಬೇಬಿ ಬರ್ಲೆಸ್ಕ್ಸ್’ ಅನ್ನುವ ಕಿರುಚಿತ್ರ ಸರಣಿ. ಒಂದೊಂದೂ ಸುಮಾರು ಹತ್ತು ನಿಮಿಷದ್ದು. ದೊಡ್ಡವರ ಸಿನಿಮಾಗಳನ್ನು ಅಣಕಿಸುವುದು ಅದರ ತಮಾಷೆ. ಮೂರು, ನಾಲ್ಕು, ಐದು ವರ್ಷದ ಮಕ್ಕಳಿಗೆ ಸೊಂಟದ ಮೇಲೆ ದೊಡ್ಡವರ ವೇಷ, ಸೊಂಟದ ಕೆಳಗೆ ದೊಡ್ಡ ಪಿನ್ನು ಚುಚ್ಚಿದ ಲಂಗೋಟಿ. 1932ರ ಒಂದು ಚಿತ್ರದಲ್ಲಿ ಶರ್ಲಿ, ಸೈನಿಕರು ಕೂತ ಹೋಟೆಲಿನಲ್ಲಿ ಕುಣಿಯುವ ನರ್ತಕಿ. ಈಗ ನೋಡಿದರೆ ನಗು ಬರುವುದಿಲ್ಲ, ಮೈ ಮುದುಡಿಕೊಳ್ಳುತ್ತದೆ.

ಶೂಟಿಂಗ್ ನಡೆದ ದಿನಕ್ಕೆ 10 ಡಾಲರ್. ರಿಹರ್ಸಲ್‌ಗೆ ದುಡ್ಡಿಲ್ಲ. ಸೆಟ್ಟಿನ ಒಂದು ಬದಿಯಲ್ಲಿ, ಕಿಟಕಿ ಇಲ್ಲದ ಕಪ್ಪು ಪೆಟ್ಟಿಗೆಯಂಥ ಸಣ್ಣ ಕೋಣೆಗಳಿದ್ದವು. ಧ್ವನಿ ತಂತ್ರಜ್ಞರು ಬಳಸಲೆಂದು ಮಾಡಿದ್ದವು. ಮಾತು ಕೇಳದ, ಟೇಕ್ ಕೆಡಿಸಿದ ಮಗುವನ್ನು ಅದರೊಳಗೆ ಬಿಟ್ಟು ಬಾಗಿಲು ಹಾಕುತ್ತಿದ್ದರು. ಒಳಗೆ ಕೂರಲು ಇದ್ದದ್ದು ಒಂದು ದೊಡ್ಡ ಐಸ್‌ಗಡ್ಡೆ. ಸೆಟ್ಟಿನ ಲೈಟಿನ ಬಿಸಿಯಲ್ಲಿ ಬೆವೆತ ಮಗು ಕತ್ತಲಲ್ಲಿ ಆ ಐಸಿನ ಮೇಲೆ ಕೂರಬೇಕು, ಇಲ್ಲವೇ ಒದ್ದೆ ನೆಲದ ಮೇಲೆ. ಶರ್ಲಿಯನ್ನೂ ಅಲ್ಲಿ ಕೂರಿಸಿದ್ದರು. 1988ರಲ್ಲಿ ಬಂದ ಆತ್ಮಕಥೆಯಲ್ಲಿ ಅವರು ಇದನ್ನು ಗೋಳಾಡದೆ ಬರೆದಿದ್ದಾರೆ. ಅದರಿಂದ ತನ್ನ ಮನಸ್ಸಿಗೆ ಶಾಶ್ವತ ಗಾಯವೇನೂ ಆಗಲಿಲ್ಲ ಅನ್ನುತ್ತಾರೆ. ಅಲ್ಲಿ ಕಲಿತ ಪಾಠ ಮಾತ್ರ ಮರೆಯಲಿಲ್ಲವಂತೆ: ಟೈಮ್ ಹಾಳು ಮಾಡಿದರೆ ದುಡ್ಡು ಹಾಳು, ದುಡ್ಡು ಹಾಳಾದರೆ ಏಟು ತನಗೆ. ನಾಲ್ಕು ವರ್ಷದ ಮಗು ಇದನ್ನು ಕಲಿತಿತ್ತು.

ಮನೆಗೆ ಬಂದು ಅಮ್ಮನಿಗೆ ಹೇಳಿದಳು. ಅಮ್ಮ ನಂಬಲಿಲ್ಲ, ಮಗು ಏನೋ ಕಟ್ಟಿ ಹೇಳುತ್ತಿದೆ ಅಂದುಕೊಂಡರು.

ಈ ಪ್ರಕರಣದಲ್ಲಿ ನಾನು ಜಾಸ್ತಿ ಹೊತ್ತು ನಿಂತು ಯೋಚಿಸಿದ್ದು ಈ ಜಾಗದಲ್ಲೇ. ಗರ್ಟ್ರೂಡ್ ಕಲ್ಲುಮನಸ್ಸಿನವರಲ್ಲ. ದಿನಾ ಮಗಳನ್ನು ಕರೆದುಕೊಂಡು ಬಂದು, ಕರೆದುಕೊಂಡು ಹೋಗುತ್ತಿದ್ದವರು ಅವರೇ. ಆದರೆ ಆ ಸೆಟ್ಟಿನ ಒಳಗೆ ಅಮ್ಮಂದಿರಿಗೆ ಪ್ರವೇಶ ಇರಲಿಲ್ಲ. ಒಳಗೆ ಏನಾಯಿತು ಅಂತ ಹೇಳಬಲ್ಲವರು ಇಬ್ಬರೇ, ಸಂಸ್ಥೆ ಮತ್ತು ಮಗು. ಮಗುವಿನ ಮಾತು ನಿಜ ಅಂದುಕೊಂಡರೆ ಮಾರನೆಯ ದಿನ ಕಳಿಸುವ ಹಾಗಿಲ್ಲ. ನಂಬದೆ ಇರುವುದು ಎಷ್ಟೋ ಸುಲಭ, ಅಲ್ವಾ?

ಒಂದು ವರ್ಷ ಕಡಿಮೆಯಾದಾಗ

1933ರ ಡಿಸೆಂಬರ್ ಹೊತ್ತಿಗೆ ಗ್ರಹಗತಿ ಬದಲಾಯಿತು. ಗೀತೆಗಳಿಗೆ ರಾಗ ಹಾಕುತ್ತಿದ್ದ ಜೇ ಗಾರ್ನಿ ಒಂದು ಚಿತ್ರಮಂದಿರದಲ್ಲಿ ಶರ್ಲಿಯನ್ನು ಗಮನಿಸಿ ಫಾಕ್ಸ್ ಸ್ಟುಡಿಯೋಗೆ ಕರೆಸಿದರು. ‘ಸ್ಟ್ಯಾಂಡ್ ಅಪ್ ಅಂಡ್ ಚಿಯರ್’ ಚಿತ್ರದಲ್ಲಿ ಒಂದು ಹಾಡಿಗೆ ಪುಟ್ಟ ಹುಡುಗಿ ಬೇಕಿತ್ತು. ವಾರಕ್ಕೆ 150 ಡಾಲರ್, ಎರಡು ವಾರ ಗ್ಯಾರಂಟಿ. ಚುಕ್ಕೆ ಚುಕ್ಕೆ ಫ್ರಾಕು ಹಾಕಿಕೊಂಡು ನಟ ಜೇಮ್ಸ್ ಡನ್ ಜೊತೆ ಅವಳು ಹಾಡಿ ಕುಣಿದ ಕೆಲವು ನಿಮಿಷಗಳಷ್ಟೇ ಆ ಚಿತ್ರದಲ್ಲಿ ಜನರಿಗೆ ನೆನಪಿನಲ್ಲಿ ಉಳಿದದ್ದು.

ಫಾಕ್ಸ್ ಒಂದು ವರ್ಷದ ಕಾಂಟ್ರಾಕ್ಟ್ ಮಾಡಿಕೊಂಡು, ಬೇಕಾದರೆ ಏಳು ವರ್ಷದವರೆಗೆ ಮುಂದುವರಿಸುವ ಹಕ್ಕನ್ನು ತನ್ನಲ್ಲೇ ಇಟ್ಟುಕೊಂಡಿತು. ಅದೇ ಒಪ್ಪಂದದಲ್ಲಿ ಅಮ್ಮನಿಗೂ ವಾರಕ್ಕೆ 25 ಡಾಲರ್. ಮಗಳ ಕೂದಲು ನೋಡಿಕೊಳ್ಳುವುದಕ್ಕೆ, ಮಾತು ಹೇಳಿಕೊಡುವುದಕ್ಕೆ. ಹಿಂದಿನ ಸಂಸ್ಥೆಯಲ್ಲಿ ಅಮ್ಮ ಬಾಗಿಲ ಹೊರಗಿದ್ದರು. ಇಲ್ಲಿ ಒಳಗೆ ಬಂದರು. ಅದು ಮಗುವಿಗೆ ದೊಡ್ಡ ಆಸರೆಯೇ. ಆದರೆ ಬಂದದ್ದು ನೌಕರರಾಗಿ.

ಸ್ಟುಡಿಯೋ ಮಾಡಿದ ಇನ್ನೊಂದು ಕೆಲಸ, ಅವಳ ವಯಸ್ಸಿನಲ್ಲಿ ಒಂದು ವರ್ಷ ಕಡಿಮೆ ಮಾಡಿದ್ದು. 1928 ಹೋಗಿ 1929 ಆಯಿತು. ಮನೆಯವರು ಒಪ್ಪಿಕೊಂಡರು. ಮಗುವಿಗೆ ಮಾತ್ರ ಹೇಳಲಿಲ್ಲ. ನನಗನ್ನಿಸುವಂತೆ ಫಾಕ್ಸ್ ಏನನ್ನು ಕೊಂಡುಕೊಂಡಿತ್ತು ಅನ್ನುವುದು ಈ ಒಂದು ತಿದ್ದುಪಡಿಯಲ್ಲೇ ಗೊತ್ತಾಗುತ್ತದೆ. ನಟನೆ ವರ್ಷ ಕಳೆದಂತೆ ಸುಧಾರಿಸುತ್ತದೆ, ಅದನ್ನು ಕೊಂಡವರು ಕಾಯುತ್ತಾರೆ. ಇವರು ಕೊಂಡದ್ದು ಐದು ವರ್ಷದ ಕೆನ್ನೆಯ ಗುಳಿ.

1934ರಲ್ಲಿ ಪ್ಯಾರಮೌಂಟ್‌ನವರು ‘ಲಿಟಲ್ ಮಿಸ್ ಮಾರ್ಕರ್’ ಚಿತ್ರಕ್ಕೆ ಅವಳನ್ನು ಕೇಳಿ ಪಡೆದರು. ಅವರು ಫಾಕ್ಸ್‌ಗೆ ಕೊಟ್ಟ ಬಾಡಿಗೆ ವಾರಕ್ಕೆ 1,000 ಡಾಲರ್. ಅವಳ ಕೈಗೆ ಬರುತ್ತಿದ್ದದ್ದು ಅದೇ 150. ಬ್ಯಾಂಕ್ ನೌಕರನಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಪ್ಪ ಅಮ್ಮ ವಕೀಲರನ್ನು ಹಿಡಿದರು. ಅದೇ ಜುಲೈನಲ್ಲಿ ಹೊಸ ಒಪ್ಪಂದವಾಯಿತು. ಮಗಳಿಗೆ ವಾರಕ್ಕೆ 1,000, ಅಮ್ಮನಿಗೆ 250, ಮುಗಿಸಿದ ಪ್ರತಿ ಚಿತ್ರಕ್ಕೂ 15,000 ಡಾಲರ್ ಬೋನಸ್. ಆ ಕಾಲದಲ್ಲಿ ಇದು ಕಣ್ಣು ಕುಕ್ಕುವ ದುಡ್ಡು. ಅಪ್ಪ ಅಮ್ಮ ಮಗಳ ಹಕ್ಕಿಗಾಗಿ ಸ್ಟುಡಿಯೋ ಜೊತೆ ಗಟ್ಟಿಯಾಗಿ ಚೌಕಾಸಿ ಮಾಡಿದರು, ಅದನ್ನು ಮೆಚ್ಚಲೇಬೇಕು. ಹಾಗೆ ಚೌಕಾಸಿ ಮಾಡಿದಾಗಲೆಲ್ಲ ಅವರ ಬದುಕು ಅವಳ ಕೆಲಸದ ಮೇಲೆ ಇನ್ನಷ್ಟು ನಿಂತುಕೊಂಡಿತು ಅನ್ನುವುದನ್ನೂ ಪಕ್ಕದಲ್ಲೇ ಬರೆದುಕೊಳ್ಳಬೇಕು.

ಡಿಸೆಂಬರ್‌ನಲ್ಲಿ ‘ಬ್ರೈಟ್ ಐಸ್’ ಬಂತು. ಅವಳಿಗೆಂದೇ ಬರೆದ ಮೊದಲ ಚಿತ್ರ, ಅವಳ ಹೆಸರು ಚಿತ್ರದ ಹೆಸರಿಗಿಂತ ಮೇಲೆ. ಅದರ ಲಾಲಿಪಾಪ್ ಹಾಡು ಮನೆಮನೆಗೆ ಹೋಯಿತು, ಸಂಗೀತದ ಹಾಳೆಗಳೇ 5 ಲಕ್ಷ ಪ್ರತಿ ಮಾರಾಟವಾದವು. 1935ರ ಫೆಬ್ರವರಿಯಲ್ಲಿ, ಆರು ವರ್ಷಕ್ಕೆ, ಪುಟಾಣಿ ಗಾತ್ರದ ವಿಶೇಷ ಆಸ್ಕರ್. ಬಾಲಕಲಾವಿದರಿಗೆ ಕೊಟ್ಟ ಮೊದಲ ಆಸ್ಕರ್ ಅದು.

56 ಸುರುಳಿ

ಈ ಏರಿಕೆಯ ಹಿಂದಿನ ದಿನನಿತ್ಯದ ಕೆಲಸ ಹೇಗಿತ್ತು? ಪ್ರತಿ ರಾತ್ರಿ ಅಮ್ಮ ಕೂತು ಮಗಳ ಕೂದಲನ್ನು ಒದ್ದೆ ಮಾಡಿ, ಸಣ್ಣ ಸಣ್ಣ ಎಳೆ ತೆಗೆದು, ಬೆರಳಿಗೆ ಸುತ್ತಿ, ಪಿನ್ನು ಹಾಕುತ್ತಿದ್ದರು. ಒಟ್ಟು 56 ಸುರುಳಿ. ಯಾವ ಶಾಟಿನಲ್ಲೂ ಕೂದಲು ಬೇರೆಯಾಗಿ ಕಾಣಬಾರದಲ್ಲ. ಅದಾದ ಮೇಲೆ ಮಾರನೆಯ ದಿನದ ದೃಶ್ಯ. ಮಲಗುವ ಹೊತ್ತಿಗೆ ಕಥೆ ಓದುವ ಬದಲು ಅಮ್ಮ ಸ್ಕ್ರಿಪ್ಟ್ ಓದುತ್ತಿದ್ದರು, ಮಗಳು ಕೇಳಿಸಿಕೊಳ್ಳುತ್ತಿದ್ದಳು. ಅವಳಿಗಿನ್ನೂ ಸರಿಯಾಗಿ ಓದಲು ಬರುತ್ತಿರಲಿಲ್ಲ. ಕಿವಿಯಿಂದಲೇ ಕಲಿತದ್ದರಿಂದ ಎದುರಿನವರ ಮಾತುಗಳೂ ಬಾಯಿಪಾಠ. ‘ದಿ ಲಿಟಲ್ ಕರ್ನಲ್’ ಸೆಟ್ಟಿನಲ್ಲಿ ಹಿರಿಯ ನಟ ಲಯನಲ್ ಬ್ಯಾರಿಮೋರ್ ಮಾತು ಮರೆತು ತಡವರಿಸಿದಾಗ ಶರ್ಲಿ ಸಹಾಯ ಮಾಡಲು ಹೋಗಿ ಸಾಲು ಎತ್ತಿಕೊಟ್ಟಳು. ಮುದುಕರಿಗೆ ಕೆಂಡದಂಥ ಕೋಪ ಬಂತು. ಪಾಪ, ಇಬ್ಬರದೂ ತಪ್ಪಿಲ್ಲ.

ಅದೇ 1935ರ ಚಿತ್ರದಲ್ಲಿ ಬಿಲ್ ರಾಬಿನ್ಸನ್ ಜೊತೆ ಮೆಟ್ಟಿಲ ಮೇಲಿನ ಕುಣಿತವಿದೆ. ಅವಳ ಪ್ರತಿಭೆ ಬಗ್ಗೆ ಸಂಶಯ ಇರುವವರು ಬೇರೇನೂ ನೋಡಬೇಕಿಲ್ಲ, ಅದನ್ನು ನೋಡಿದರೆ ಸಾಕು. ರಾಬಿನ್ಸನ್ ಕಪ್ಪುವರ್ಣೀಯ ಟ್ಯಾಪ್ ನರ್ತಕರಲ್ಲಿ ದೊಡ್ಡ ಹೆಸರು, ಆಗ 56 ದಾಟಿದ್ದವರು. ಮೆಟ್ಟಿಲ ಕುಣಿತ ಅವರು ವೇದಿಕೆಯಲ್ಲಿ ವರ್ಷಗಟ್ಟಲೆ ಮಾಡಿ ಹೆಸರಾಗಿದ್ದ ಐಟಂ. ಟ್ಯಾಪ್‌ನಲ್ಲಿ ಕಾಲಿನ ಸದ್ದೇ ತಾಳ, ಒಂದು ಹೆಜ್ಜೆ ತಪ್ಪಿದರೆ ಕಿವಿಗೆ ಹೊಡೆಯುತ್ತದೆ. ಶರ್ಲಿ ಅವರ ಕಾಲು ನೋಡಿ ಕಲಿತದ್ದಕ್ಕಿಂತ ಸದ್ದು ಕೇಳಿ ಕಲಿತದ್ದೇ ಹೆಚ್ಚು. ಚಿತ್ರದಲ್ಲಿ ಗಮನಿಸಿ, ಇಬ್ಬರೂ ಕೈ ಹಿಡಿದು ಮೇಲೆ ಹೋಗುತ್ತಾರೆ, ಅವಳ ಗಮನವೆಲ್ಲ ಕಿವಿಯಲ್ಲಿದೆ. ಬಿಳಿಯರೂ ಕಪ್ಪುವರ್ಣೀಯರೂ ಜೋಡಿಯಾಗಿ ಕುಣಿಯುವುದನ್ನು ಹಾಲಿವುಡ್ ಅದಕ್ಕೂ ಮುಂಚೆ ತೋರಿಸಿರಲಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ಆ ಭಾಗವನ್ನೇ ಕತ್ತರಿಸಿ ಚಿತ್ರ ತೋರಿಸಿದರು. ಆರು ವರ್ಷದ ಹುಡುಗಿಯ ಕೈ ಹಿಡಿದದ್ದನ್ನೂ ಸಹಿಸಲು ಆಗಲಿಲ್ಲ ಅವರಿಗೆ.

1935ರಲ್ಲಿ ಫಾಕ್ಸ್, ಟ್ವೆಂಟಿಯತ್ ಸೆಂಚುರಿ ಜೊತೆ ಸೇರಿತು. ನಿರ್ಮಾಣದ ಹೊಣೆ ಡ್ಯಾರಿಲ್ ಝನುಕ್ ಕೈಗೆ ಬಂತು. ಅವಳಿಗಾಗಿಯೇ 19 ಜನ ಬರಹಗಾರರ ತಂಡ. ಅಷ್ಟು ಜನ ಸೇರಿ ಬರೆದದ್ದು ಹೆಚ್ಚುಕಮ್ಮಿ ಒಂದೇ ಕಥೆ. ತಾಯಿಯೋ ತಂದೆಯೋ, ಇಲ್ಲವೇ ಇಬ್ಬರೂ ಇಲ್ಲದ ಹುಡುಗಿ, ಸಿಡುಕುವ ಒಬ್ಬ ಶ್ರೀಮಂತ ಮುದುಕ, ಅವಳ ನಗುವಿಗೆ ಅವನು ಕರಗುತ್ತಾನೆ. ನಿರುದ್ಯೋಗದಲ್ಲಿ ಬೆಂದ ದೇಶಕ್ಕೆ ಇಂಥದ್ದೇ ಬೇಕಿತ್ತು: ದುಡ್ಡಿರುವವರ ಮನಸ್ಸು ಕರಗಿದರೆ ಎಲ್ಲ ಸರಿಹೋಗುತ್ತದೆ ಅನ್ನುವ ಕಥೆ. ಕಥೆಯಲ್ಲಿ ಅವಳು ಬೆಳೆಯುವ ಹಾಗಿರಲಿಲ್ಲ.

ಚಿತ್ರದ ಹೊರಗಿನ ವ್ಯಾಪಾರ ಇನ್ನೂ ದೊಡ್ಡದು. ಐಡಿಯಲ್ ಕಂಪನಿ 1934ರಲ್ಲಿ ಶುರುಮಾಡಿದ ಶರ್ಲಿ ಗೊಂಬೆಗಳ ಒಟ್ಟು ಮಾರಾಟ 1941ರ ಹೊತ್ತಿಗೆ 4.5 ಕೋಟಿ ಡಾಲರ್ ಮುಟ್ಟಿತ್ತು. ಬೆಳಗಿನ ತಿಂಡಿಯ ಪೊಟ್ಟಣದ ಜೊತೆ ಅವಳ ಮುಖವಿರುವ ನೀಲಿ ಗಾಜಿನ ಲೋಟ ಕೊಡುತ್ತಿದ್ದರು.

ಸುಳ್ಳು ತಾರೀಖಿಗೆ ಬಂದ ಬೆಲೆ

ಹೊರಗೆ ಹೋದರೆ ಜನ ಕೂದಲು ಹಿಡಿದು ಎಳೆದು ನೋಡುತ್ತಿದ್ದರು, ವಿಗ್ ಇರಬಹುದು ಅಂತ. ವಿಗ್ ಆಗಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಅವರು ಮುಂದೆ ತಮಾಷೆ ಮಾಡಿದ್ದುಂಟು. ಸುಲಿಗೆಯ ಬೆದರಿಕೆ ಪತ್ರಗಳು ಬಂದವು, ಕಾವಲುಗಾರರು ಬಂದರು. ಆದರೆ ಆತ್ಮಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಘಟನೆ ಬೇರೆ. 1939ರ ಕ್ರಿಸ್‌ಮಸ್ ಹಿಂದಿನ ಸಂಜೆ ರೇಡಿಯೋ ಕಾರ್ಯಕ್ರಮ ನಡೆಯುತ್ತಿದ್ದಾಗ ಸಭಿಕರ ನಡುವಿನಿಂದ ಒಬ್ಬ ಹೆಂಗಸು ಎದ್ದು, ಅವಳ ಕಡೆಗೆ ಕೈಬಂದೂಕು ಹಿಡಿದಳು. ಭದ್ರತೆಯವರು ತಡೆದರು. ಆ ಹೆಂಗಸಿನ ಮಗು ಹುಟ್ಟುತ್ತಲೇ ತೀರಿಕೊಂಡಿತ್ತು. ತನ್ನ ಮಗುವಿನ ಆತ್ಮವನ್ನು ಅದೇ ದಿನ ಹುಟ್ಟಿದ ಶರ್ಲಿ ಕದ್ದಳು ಅನ್ನುವ ಭ್ರಮೆ ಅವಳಿಗೆ. ಅವಳು ಲೆಕ್ಕ ಹಾಕಿದ್ದು ಸ್ಟುಡಿಯೋ ಪ್ರಚಾರ ಮಾಡಿದ ತಾರೀಖಿನ ಮೇಲೆ, ಅಂದರೆ 1929ರ ಮೇಲೆ. ಆ ದಿನ ಶರ್ಲಿ ಹುಟ್ಟಿ ಆಗಲೇ ಒಂದು ವರ್ಷವಾಗಿತ್ತು. ಪ್ರಚಾರ ವಿಭಾಗದಲ್ಲಿ ಕೂತು ಅಂಕಿ ತಿದ್ದಿದವರಿಗೆ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅನ್ನುವುದು ಗೊತ್ತಿರಲು ಸಾಧ್ಯವೇ ಇಲ್ಲ.

ಶರ್ಲಿಗೆ ತನ್ನ ನಿಜವಾದ ವಯಸ್ಸು ಗೊತ್ತಾಗಿದ್ದು ಹನ್ನೆರಡು ತುಂಬಿತು ಅಂದುಕೊಂಡಾಗ. ಹನ್ನೆರಡಲ್ಲ, ಹದಿಮೂರು ಅಂದರು.

ಅಷ್ಟರಲ್ಲಿ ಆಟ ಮುಗಿದಿತ್ತು. 1940ರಲ್ಲಿ ಬಂದ ‘ದಿ ಬ್ಲೂ ಬರ್ಡ್’ ಸೋತಿತು, ಅದರ ಹಿಂದೆ ಬಂದ ‘ಯಂಗ್ ಪೀಪಲ್’ ಕೂಡ. ಅಪ್ಪ ಅಮ್ಮ ದುಡ್ಡು ಕಟ್ಟಿ ಉಳಿದ ಕಾಂಟ್ರಾಕ್ಟ್ ಬಿಡಿಸಿಕೊಂಡು, ಮಗಳನ್ನು ವೆಸ್ಟ್‌ಲೇಕ್ ಬಾಲಕಿಯರ ಶಾಲೆಗೆ ಸೇರಿಸಿದರು. ಅಲ್ಲಿಯವರೆಗೆ ಅವಳ ಶಾಲೆ ಸ್ಟುಡಿಯೋ ಆವರಣದಲ್ಲೇ, ಒಬ್ಬ ಟೀಚರ್ ಜೊತೆ. ಇಡೀ ಪ್ರಕರಣದಲ್ಲಿ ಅಪ್ಪ ಅಮ್ಮ ‘ಸಾಕು’ ಅಂದ ಸ್ಪಷ್ಟ ಜಾಗ ಇದೊಂದೇ. ಅದು ಒಳ್ಳೆಯ ತೀರ್ಮಾನವೇ. ಆದರೆ ಮಾರುಕಟ್ಟೆ ಮೊದಲು ‘ಸಾಕು’ ಅಂದ ಮೇಲೆ ಬಂದ ತೀರ್ಮಾನ.

ದುಡ್ಡು ಎಲ್ಲಿ ಹೋಯಿತು

ಮತ್ತೆ ಹತ್ತು ವರ್ಷ ಅಲ್ಲೊಂದು ಇಲ್ಲೊಂದು ಚಿತ್ರ. 1950ರಲ್ಲಿ, 22ನೇ ವಯಸ್ಸಿಗೆ, ಅವರು ಚಿತ್ರರಂಗ ಬಿಟ್ಟರು. ಆಗ ಲೆಕ್ಕದ ಪುಸ್ತಕ ತೆಗೆದು ನೋಡಿದರೆ, ಗಳಿಸಿದ್ದು 32 ಲಕ್ಷ ಡಾಲರ್‌ಗೂ ಹೆಚ್ಚು. ಅವರ ಹೆಸರಿನ ಟ್ರಸ್ಟ್‌ನಲ್ಲಿ ಉಳಿದಿದ್ದದ್ದು 44,000. ಮಿಕ್ಕದ್ದು ತೆರಿಗೆ, ಮನೆ, ಆಳುಕಾಳು, ಬಂಧುಬಳಗ ಮತ್ತು ಅಪ್ಪ ಯಾರ್‍ಯಾರದೋ ಮಾತು ಕೇಳಿ ಹೂಡಿದ ಹಣ. ಕೋರ್ಟ್ ಟ್ರಸ್ಟ್‌ಗೆ ಕಟ್ಟಿ ಅಂದದ್ದನ್ನೂ ಅಪ್ಪ ಕಟ್ಟಿರಲಿಲ್ಲ. ದುಡ್ಡು ನೋಡಿಕೊಳ್ಳಲು ಬ್ಯಾಂಕಿನವರಿಗಿಂತ ತಕ್ಕವರು ಯಾರಿದ್ದಾರೆ ಅಂತ ಆಗ ಎಲ್ಲರಿಗೂ ಅನ್ನಿಸಿರಬೇಕು. ಅದಕ್ಕೇ ಯಾರೂ ಲೆಕ್ಕ ಕೇಳಲಿಲ್ಲವೇನೋ.

ಶರ್ಲಿ ಅಪ್ಪನ ಮೇಲೆ ಕೇಸು ಹಾಕಲಿಲ್ಲ, ಕೋಪವನ್ನೂ ಇಟ್ಟುಕೊಳ್ಳಲಿಲ್ಲ. ಮುಂದೆ ಘಾನಾಕ್ಕೂ ಚೆಕೊಸ್ಲೊವಾಕಿಯಾಕ್ಕೂ ಅಮೆರಿಕದ ರಾಯಭಾರಿಯಾದರು, ಆ ಅಧ್ಯಾಯ ಬೇರೆಯೇ.

ಇದಕ್ಕೆ ಕಾನೂನು ಇರಲಿಲ್ಲವೇ ಅಂದರೆ, ಇತ್ತು. ಚಾಪ್ಲಿನ್ ಜೊತೆ ಬಾಲನಟನಾಗಿ ಹೆಸರಾಗಿದ್ದ ಜಾಕಿ ಕೂಗನ್ 1938ರಲ್ಲಿ ತಾಯಿ ಮತ್ತು ಮಲತಂದೆಯ ಮೇಲೆ ಕೇಸು ಹಾಕಿದ್ದರು. ಲಕ್ಷಾಂತರ ಡಾಲರ್ ದುಡಿದವರ ಕೈಗೆ ಕೊನೆಗೆ ಬಂದದ್ದು ಸುಮಾರು 1,26,000. ಆ ಗಲಾಟೆಯ ಫಲವಾಗಿ 1939ರಲ್ಲಿ ಕ್ಯಾಲಿಫೋರ್ನಿಯಾ ಬಾಲನಟರ ಕಾಯ್ದೆ ತಂದಿತು. ಆದರೆ ಕೋರ್ಟ್ ಮುಂದೆ ತಂದು ಒಪ್ಪಿಗೆ ಪಡೆದ ಕಾಂಟ್ರಾಕ್ಟ್‌ಗಳಿಗೆ ಮಾತ್ರ ಅದರ ಹಿಡಿತ. ಶರ್ಲಿಯ ಗಳಿಕೆಯ ಸುಗ್ಗಿಯೆಲ್ಲ ಅದಕ್ಕೂ ಮುಂಚೆಯೇ ಮುಗಿದಿತ್ತು. ಮಗುವಿನ ಗಳಿಕೆ ಮಗುವಿನದೇ ಆಸ್ತಿ, ಒಟ್ಟು ಗಳಿಕೆಯಲ್ಲಿ 15% ಕಡ್ಡಾಯವಾಗಿ ಟ್ರಸ್ಟ್‌ಗೆ ಹೋಗಬೇಕು ಅನ್ನುವ ತಿದ್ದುಪಡಿ ಜಾರಿಗೆ ಬಂದದ್ದು 2000ದಲ್ಲಿ, ಶರ್ಲಿಗೆ ಎಪ್ಪತ್ತು ದಾಟಿದ ಮೇಲೆ.